ದೊಡ್ಡ ರೈಫಲ್ ನಮ್ಮ ಹೊಲ ಕಾಯದು

ಸಾತನೂರು, ಕೋಡಿಹಳ್ಳಿ, ಕಬ್ಬಾಳು ಸುತ್ತಮುತ್ತ ಆನೆ ಹಿಂಡು ರಾಗಿ ತುಳಿದು ಹೋದ ಮಾರನೆಯ ಬೆಳಗ್ಗೆ ಟೀ ಅಂಗಡಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: 'ನಮ್ಮ ಕೈಗೂ ದೊಡ್ಡ ರೈಫಲ್ ಕೊಡ್ಲಿ, ಆಮೇಲೆ ನೋಡ್ಕೋತೀವಿ.' ಅಪ್ಪನ ಕಾಲದಿಂದ ಬೆಳೆ ರಕ್ಷಣೆ ಬಂದೂಕಿನ ಲೈಸೆನ್ಸ್ ಇರುವ ಮನೆ ನಮ್ಮದು. ಆ ಸಿಟ್ಟು ನನ್ನದೂ ಹೌದು. ಆದರೂ ಆ ಬೇಡಿಕೆಯಿಂದ ರೈತನಿಗೆ ಕೇಡೇ ಹೊರತು ಒಳಿತಿಲ್ಲ.

ಈಗ ನಮ್ಮ ಕಡೆ ಇರುವುದು ಮದ್ದು ಜಡಿಯುವ ಒಂಟಿ ನಳಿಗೆ, ಇಲ್ಲವೇ 12 ಬೋರ್. ಇವುಗಳ ಚರೆಗೆ ಆನೆ ಸಾಯುವುದಿಲ್ಲ. ಚರೆ ಚರ್ಮದೊಳಗೆ ಉಳಿದು ಗಾಯ ಕೀವು ಕಟ್ಟುತ್ತದೆ. ನೋವು ತಿನ್ನುವ ಒಂಟಿ ಸಲಗ ಮನುಷ್ಯರನ್ನು ಕಂಡರೆ ಮೇಲೆ ಬೀಳುತ್ತದೆ. ಒಬ್ಬ ಹೊಡೆದ ಈಡಿಗೆ ಬೆಳಗಿನ ಜಾವ ಡೇರಿಗೆ ಹಾಲು ಹೊತ್ತು ಹೊರಟ ಇನ್ನೊಬ್ಬರು ಜೀವ ತೆರಬೇಕಾಗುತ್ತದೆ.

ಹಾಗಾದರೆ ರೈಫಲ್? ಲೈಸೆನ್ಸ್‌ದಾರರಿಗೆ ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವ ಬೋಲ್ಟ್ ರೈಫಲ್ ಎಂದರೆ .315 ಬೋರ್. ಸೇನೆಯ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ಇದು ಬಳಕೆಗೆ ಬಂತು. ಇದರ ಗುಂಡು ಸುಮಾರು 16 ಗ್ರಾಂ. ಆಫ್ರಿಕದ ಹಲವು ದೇಶಗಳಲ್ಲಿ ಆನೆಗೆ .375ಕ್ಕಿಂತ ಸಣ್ಣ ಬೋರ್ ಹಿಡಿಯುವಂತಿಲ್ಲ. 1912ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ ಆ .375ರ ಗುಂಡು 19 ಗ್ರಾಂ ದಾಟುತ್ತದೆ. 1956ರ .458 ವಿಂಚೆಸ್ಟರಿನದು 32 ಗ್ರಾಂ. ಅದೂ ಮೂತಿ ಅರಳದ ಗಟ್ಟಿ ಗುಂಡೇ ಆಗಬೇಕು. ಆನೆಯ ತಲೆಯ ಮುಂಭಾಗವೆಲ್ಲ ಜೇನುಹಲ್ಲೆಯಂಥ ಟೊಳ್ಳು ಮೂಳೆ, ಮಿದುಳು ಇರುವುದು ಹಿಂದಕ್ಕೆ, ಕೆಳಕ್ಕೆ. ಗುರಿ ಸ್ವಲ್ಪ ತಪ್ಪಿದರೆ .458 ಕೂಡ ಬರೀ ಗಾಯ ಮಾಡುತ್ತದೆ.

ತೇಜಸ್ವಿಯವರು ಕನ್ನಡಕ್ಕೆ ತಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಓದಿದವರು ಅದರ ಬೇಟೆಗಾರ ಕೆನೆತ್ ಆಂಡರ್ಸನ್ನರ ಹೆಸರು ಎತ್ತುತ್ತಾರೆ. ಅವರದು .405 ವಿಂಚೆಸ್ಟರ್ ರೈಫಲ್. ಆದರೆ ಅದರ ಹಿಂದೆ ಜೀವಮಾನವಿಡೀ ಕಾಡು ತಿರುಗಿದ ಅನುಭವವಿತ್ತು. ನಮಗೆ ನಡುರಾತ್ರಿ, ನಿದ್ದೆಗಣ್ಣಿನಲ್ಲಿ, ಮಾವಿನ ತೋಪಿನ ಮಧ್ಯೆ ಟಾರ್ಚಿಗೆ ಕಾಣುವುದು ಒಂದು ಕಪ್ಪು ಆಕಾರ. ಅದರ ಆಚೆಗೆ ಪಕ್ಕದ ಹೊಲದವರು ಅಟ್ಟಣೆಯ ಮೇಲೆ ಕಾವಲಿರುತ್ತಾರೆ. ರೈಫಲ್ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ಚನ್ನಪಟ್ಟಣ, ಮಾಗಡಿಯ ಒತ್ತೊತ್ತಾದ ಹಳ್ಳಿಗಳ ನಡುವೆ ಅದನ್ನು ಯಾವ ದಿಕ್ಕಿಗೆ ಹಾರಿಸುವುದು?

ಕಾನೂನೂ ನಮ್ಮ ಬೆನ್ನಿಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಮೊದಲ ಅನುಸೂಚಿಯಲ್ಲಿದೆ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೊಂದವರಿಗೆ ಕಾಯ್ದೆಯ ರಕ್ಷಣೆ ಉಂಟು, ಬೆಳೆ ಉಳಿಸಲು ಕೊಂದವರಿಗೆ ಇಲ್ಲ. ಒಂದು ಫಸಲಿನ ಜೊತೆ ಮನೆಯ ದುಡಿಯುವ ಆಳನ್ನೂ ಜೈಲಿಗೆ ಕಳೆದುಕೊಂಡರೆ ಆ ಸಂಸಾರ ಮತ್ತೆ ಏಳುವುದು ಹೇಗೆ?

ಸಿಟ್ಟನ್ನು ಸರಿಯಾದ ಕಡೆಗೆ ತಿರುಗಿಸೋಣ. ಆನೆಗಳು ಬರುವುದು ಕಾವೇರಿ ವನ್ಯಧಾಮ, ಬನ್ನೇರುಘಟ್ಟದ ಕಾಡುಗಳಿಂದ. ಆ ಅಂಚಿಗೆ ರೈಲು ಕಂಬಿಯ ಬೇಲಿ ತುಂಡು ತುಂಡಾಗಿ ಹಾಕಿ ಫಲವಿಲ್ಲ, ಬಿಟ್ಟ ಕಡೆ ಆನೆ ನುಗ್ಗೇ ನುಗ್ಗುತ್ತದೆ. ಅದು ಪೂರ್ತಿಯಾಗಬೇಕು. ರಾತ್ರಿ ಫೋನ್ ಮಾಡಿದರೆ ಜೀಪು, ಪಟಾಕಿ, ತರಬೇತಾದ ಜನರೊಂದಿಗೆ ಅರಣ್ಯ ಇಲಾಖೆಯ ತಂಡ ಬರಬೇಕು. ವರ್ಷಗಟ್ಟಲೆ ನೀರುಣಿಸಿ ಬೆಳೆಸಿದ ತೆಂಗು ಉರುಳಿದರೆ, ಅದರ ಜಾಗದಲ್ಲಿ ನೆಟ್ಟ ಸಸಿ ಕಾಯಿ ಬಿಡುವವರೆಗಿನ ನಷ್ಟವೂ ಪರಿಹಾರದ ಲೆಕ್ಕಕ್ಕೆ ಸೇರಬೇಕು. ಆ ಹಣ ಮುಂದಿನ ಉಳುಮೆಗೆ ಮೊದಲೇ ಕೈ ಸೇರಬೇಕು.

ಕಾಡುಪ್ರಾಣಿಯನ್ನು ಉಳಿಸುವುದು ಇಡೀ ನಾಡಿನ ಹೊಣೆ. ಅದರ ಖರ್ಚನ್ನು ಕಾಡಂಚಿನ ರೈತನೊಬ್ಬನ ತಲೆಗೆ ಕಟ್ಟುವುದು ಅನ್ಯಾಯ. ಬರುವ ಗ್ರಾಮಸಭೆಯಲ್ಲಿ ರೈಫಲ್ ಕೇಳುವ ಅರ್ಜಿ ಬಂದರೆ ನಾನು ಸಹಿ ಹಾಕುವುದಿಲ್ಲ. ಬೇಲಿ, ತಂಡ, ಪರಿಹಾರ ಈ ಮೂರನ್ನು ಕೇಳುವ ಅರ್ಜಿಗೆ ಮೊದಲ ಸಹಿ ನನ್ನದು.