ಊರಿನ ಅಳತೆ

ಅಂಕಿಗಳ ವಿಷಯದಲ್ಲಿ ನಮಗೆಲ್ಲ ಒಂದು ಬಗೆಯ ಗೌರವವಿದೆ. ಮಾತಿನಲ್ಲಿ ಹೇಳಿದುದನ್ನು ಅನುಮಾನಿಸುವವನು ಕೂಡ ಅದನ್ನೇ ಅಂಕಿಗಳಲ್ಲಿ ಬರೆದು ತೋರಿಸಿದರೆ ತಲೆದೂಗುತ್ತಾನೆ. ಒಂದು ಊರಿನ ಜನಸಂಖ್ಯೆ ಇಷ್ಟು, ವಿಸ್ತೀರ್ಣ ಇಷ್ಟು ಎಂದು ಪುಸ್ತಕದಲ್ಲಿ ಅಚ್ಚಾಗಿದ್ದರೆ, ಆ ಊರನ್ನು ಅರಿತಂತೆಯೇ ಆಯಿತೆಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೆನಡಾ ದೇಶದ ಕೆಲವು ಮಧ್ಯಮ ಗಾತ್ರದ ನಗರಗಳ ನಿದರ್ಶನದಿಂದ ಪರಿಶೀಲಿಸೋಣ.

ನನ್ನನ್ನು ಈ ವಿಚಾರಕ್ಕೆ ಹಚ್ಚಿದವಳು ನಮ್ಮ ನೆರೆಮನೆಯ ಹುಡುಗಿ. ನಿಮ್ಮಂತೆಯೇ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಆಕೆಯ ಅಣ್ಣ ಉನ್ನತ ವ್ಯಾಸಂಗಕ್ಕಾಗಿ ಕೆನಡಾದ ಆಂಟೇರಿಯೊ ಪ್ರಾಂತದಲ್ಲಿರುವ ಗ್ರೇಟರ್ ಸಡ್‌ಬರಿ ಎಂಬ ನಗರಕ್ಕೆ ಹೋಗಿದ್ದಾನೆ. ಒಂದು ಸಂಜೆ ಆಕೆ ಕೆನಡಾದ ನಗರಗಳ ಪಟ್ಟಿಯೊಂದನ್ನು ಹಿಡಿದು ನಮ್ಮ ಮನೆಯ ಜಗಲಿಗೆ ಬಂದಳು. 2021ರ ಜನಗಣತಿಯ ಪ್ರಕಾರ ಆ ನಗರದ ಜನಸಂಖ್ಯೆ 1,66,004. ನೆಲದ ವಿಸ್ತೀರ್ಣ ಸುಮಾರು 3,186 ಚದರ ಕಿಲೋಮೀಟರು. ಭಾಗಿಸಿ ನೋಡಿದರೆ ಒಂದು ಚದರ ಕಿಲೋಮೀಟರಿಗೆ 52 ಜನ.

“ಮೇಷ್ಟ್ರೇ, ಪಕ್ಕದ ಮನೆಯವರು ಕೆಮ್ಮಿದರೂ ತನ್ನ ಕೋಣೆಗೆ ಕೇಳಿಸುತ್ತದೆ ಎಂದು ಅಣ್ಣ ಫೋನಿನಲ್ಲಿ ಹೇಳುತ್ತಾನೆ. ಈ ಪಟ್ಟಿಯನ್ನು ನೋಡಿದರೆ ಅಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ಬಹಳ ದೂರವಿರಬೇಕು. ಇವೆರಡರಲ್ಲಿ ಯಾವುದು ಸುಳ್ಳು?” ಎಂದು ಆಕೆ ಕೇಳಿದಳು.

ಎರಡೂ ಸುಳ್ಳಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಸಡ್‌ಬರಿ ನಿಕ್ಕಲ್ ಲೋಹದ ಗಣಿಗಳಿಂದ ಬೆಳೆದ ಊರು. 1883ರಲ್ಲಿ ರೈಲುಹಾದಿಯನ್ನು ಹಾಕುವಾಗ ಅಲ್ಲಿನ ಅದಿರು ಕಣ್ಣಿಗೆ ಬಿತ್ತು. ಗಣಿಗಳ ಸುತ್ತ ಒಂದೊಂದಾಗಿ ಚಿಕ್ಕ ಚಿಕ್ಕ ಊರುಗಳು ಹುಟ್ಟಿಕೊಂಡವು. 2001ರಲ್ಲಿ ಈ ಊರುಗಳನ್ನೆಲ್ಲ ಅವುಗಳ ನಡುವಣ ನೆಲದೊಡನೆ ಕೂಡಿಸಿ ಒಂದೇ ಆಡಳಿತದ ಕೆಳಗೆ ತಂದು ಗ್ರೇಟರ್ ಸಡ್‌ಬರಿ ಎಂಬ ಹೆಸರನ್ನಿಟ್ಟರು. ಈಗ ಆ ನಗರದ ಎಲ್ಲೆಯೊಳಗೆ ಸುಮಾರು 330 ಸರೋವರಗಳಿವೆ. ಅವುಗಳ ನೀರನ್ನು ಬಿಟ್ಟು ನೆಲವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಅದರಲ್ಲಿ ಬಹುಪಾಲು ಕಾಡು, ಬಂಡೆ ಮತ್ತು ಜೌಗು. ಜನರು ವಾಸಿಸುವುದು ಅಲ್ಲಲ್ಲಿ ಒತ್ತಾಗಿ ಕಟ್ಟಿದ ಬೀದಿಗಳಲ್ಲಿ. ಲೆಕ್ಕಿಗನು ಆ ಬೀದಿಯ ಜನರನ್ನು ಕಾಡಿನ ಮರಗಳ ನಡುವೆಯೂ ಸಮನಾಗಿ ಹಂಚಿಬಿಟ್ಟಿದ್ದಾನೆ. ಅಣ್ಣನ ಕಿವಿಗೆ ಬಿದ್ದ ಕೆಮ್ಮು ನಿಜ. ತಂಗಿಯ ಭಾಗಾಕಾರವೂ ನಿಜ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವನ್ನು ನೋಡಿರಿ. ಪೆಸಿಫಿಕ್ ಸಾಗರದ ತೀರದ ಬ್ರಿಟಿಷ್ ಕೊಲಂಬಿಯ ಪ್ರಾಂತದ ರಾಜಧಾನಿ ವಿಕ್ಟೋರಿಯ. 2021ರಲ್ಲಿ ಆ ನಗರದ ಜನಸಂಖ್ಯೆ 91,867. ವಿಸ್ತೀರ್ಣ ಕೇವಲ 19.45 ಚದರ ಕಿಲೋಮೀಟರು. ಅಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು 4,720 ಜನ. ಸಡ್‌ಬರಿಗಿಂತ ಇಲ್ಲಿ ತೊಂಬತ್ತು ಪಾಲು ಹೆಚ್ಚು ಇಕ್ಕಟ್ಟು ಎಂದು ಪಟ್ಟಿಯನ್ನು ಮಾತ್ರ ಓದಿದವನು ತಿಳಿಯುತ್ತಾನೆ. ಆದರೆ ವಿಕ್ಟೋರಿಯದ ಬೀದಿಯಲ್ಲಿ ನಡೆಯುತ್ತ ಹೋದವನಿಗೆ ಊರು ಎಲ್ಲಿ ಮುಗಿಯಿತೆಂಬುದೇ ತಿಳಿಯದು. ಮನೆಗಳ ಸಾಲು ಹಾಗೆಯೇ ಮುಂದುವರಿಯುತ್ತದೆ. ಹೆಸರು ಮಾತ್ರ ಬದಲಾಗಿ ಸಾನಿಚ್ ಎಂದಾಗುತ್ತದೆ. ಆ ನೆರೆಯ ಸಾನಿಚ್‌ನ ಜನಸಂಖ್ಯೆ 1,17,735, ರಾಜಧಾನಿಗಿಂತಲೂ ಹೆಚ್ಚು! ಆ ಪ್ರದೇಶದಲ್ಲಿ ಇಂತಹ ಸ್ಥಳೀಯ ಆಡಳಿತಗಳು ಹದಿಮೂರು ಇವೆ. ಸುತ್ತಣ ಊರುಗಳನ್ನು ಸೇರಿಸಿ ಜನಗಣತಿಯವರು ಮಹಾನಗರ ಪ್ರದೇಶವೆಂದು ಲೆಕ್ಕ ಹಾಕಿದಾಗ ವಿಕ್ಟೋರಿಯದ ಜನಸಂಖ್ಯೆ 3,97,237 ಆಗುತ್ತದೆ. ವಿಸ್ತೀರ್ಣ ಸುಮಾರು 695 ಚದರ ಕಿಲೋಮೀಟರು. ಸಾಂದ್ರತೆ 4,720ರಿಂದ 571ಕ್ಕೆ ಇಳಿಯುತ್ತದೆ. ಒಂದು ಮನೆಯೂ ಅಲುಗಲಿಲ್ಲ, ಒಬ್ಬ ಮನುಷ್ಯನೂ ಊರು ಬಿಡಲಿಲ್ಲ. ಬದಲಾದುದು ಗಡಿಗೆರೆ ಮಾತ್ರ.

ಅಟ್ಲಾಂಟಿಕ್ ತೀರದ ಹ್ಯಾಲಿಫ್ಯಾಕ್ಸ್ ಈ ಎರಡು ಬಗೆಯನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತದೆ. 1996ರಲ್ಲಿ ಹ್ಯಾಲಿಫ್ಯಾಕ್ಸ್, ಡಾರ್ಟ್‌ಮತ್, ಬೆಡ್‌ಫರ್ಡ್ ಎಂಬ ಊರುಗಳನ್ನು ಸುತ್ತಲಿನ ಗ್ರಾಮಾಂತರದೊಡನೆ ಕೂಡಿಸಿ ಒಂದೇ ಆಡಳಿತವನ್ನು ರಚಿಸಿದರು. ಅದರ ವಿಸ್ತೀರ್ಣ ಸುಮಾರು 5,475 ಚದರ ಕಿಲೋಮೀಟರು. ಅದೇ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪವೆಂಬ ಇಡೀ ಪ್ರಾಂತಕ್ಕೆ ಇದು ಹೆಚ್ಚುಕಡಿಮೆ ಸಮಾನ. ಜನಸಂಖ್ಯೆ 4,39,819. ಆದರೆ ಇವರಲ್ಲಿ ಸುಮಾರು 3 ಲಕ್ಷ 48 ಸಾವಿರ ಮಂದಿ, ಎಂದರೆ ನೂರಕ್ಕೆ ಎಂಬತ್ತರಷ್ಟು ಜನ, ಬಂದರಿನ ಸುತ್ತಲಿನ ಸುಮಾರು 238 ಚದರ ಕಿಲೋಮೀಟರಿನಲ್ಲಿ ವಾಸಿಸುತ್ತಾರೆ. ಆಡಳಿತದ ಎಲ್ಲೆಯನ್ನು ಹಿಡಿದರೆ ಸಾಂದ್ರತೆ 80. ಮನೆಗಳು ಕೂಡಿಕೊಂಡಿರುವ ಭಾಗವನ್ನು ಹಿಡಿದರೆ 1,460ಕ್ಕೂ ಹೆಚ್ಚು. ಹ್ಯಾಲಿಫ್ಯಾಕ್ಸ್ ವಿರಳವಾದ ಊರೇ, ದಟ್ಟವಾದ ಊರೇ? ಯಾರು ಯಾವ ಉತ್ತರವನ್ನು ಬಯಸುವರೋ ಅದಕ್ಕೆ ತಕ್ಕ ಅಂಕಿ ಸಿದ್ಧವಾಗಿದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಯಾವ ಸೇರಿನಲ್ಲಿ ಅಳೆದುದೆಂದು ಕೇಳದೆ ರಾಗಿಯ ಲೆಕ್ಕವನ್ನು ಒಪ್ಪುವವನನ್ನು ಜಾಣನೆಂದು ಯಾರೂ ಕರೆಯುತ್ತಿರಲಿಲ್ಲ. ನಗರಗಳ ಅಳತೆಯಲ್ಲಿಯೂ ಈ ಎಚ್ಚರ ಬೇಕು. ಈ ತೊಡಕನ್ನು ಬಲ್ಲ ಕೆನಡಾದ ಅಂಕಿಅಂಶ ಇಲಾಖೆಯವರು ಆಡಳಿತದ ಗಡಿಯನ್ನು ಬದಿಗಿಟ್ಟು ಮತ್ತೊಂದು ಅಳತೆಯನ್ನೂ ಇಟ್ಟುಕೊಂಡಿದ್ದಾರೆ. ಕನಿಷ್ಠ 1,000 ಜನರಿದ್ದು, ಚದರ ಕಿಲೋಮೀಟರಿಗೆ 400 ಜನರಿಗೆ ಕಡಿಮೆಯಿಲ್ಲದಂತೆ ನೆಲೆಸಿರುವ ಪ್ರದೇಶವನ್ನು ಅವರು 2011ರಿಂದ ಜನಸಂಖ್ಯಾ ಕೇಂದ್ರವೆಂದು ಕರೆಯುತ್ತಾರೆ. ಅದಕ್ಕೆ ಮೊದಲು ನಗರ ಪ್ರದೇಶ ಎನ್ನುತ್ತಿದ್ದರು. 30,000ದಿಂದ 99,999ರವರೆಗೆ ಜನರಿದ್ದರೆ ಅದು ಮಧ್ಯಮ ಕೇಂದ್ರ. ಲಕ್ಷ ಮುಟ್ಟಿದರೆ ದೊಡ್ಡದು. ಕಾಡನ್ನೂ ಹೊಲವನ್ನೂ ಹೊರಗಿಟ್ಟು ಊರನ್ನಷ್ಟೇ ಅಳೆಯುವುದು ಇದರ ಗುಣ. ಎರಡು ನಗರಗಳನ್ನು ಹೋಲಿಸಬೇಕಾದರೆ ಈ ಅಳತೆಯೇ ಹೆಚ್ಚು ನ್ಯಾಯವಾದುದೆಂದು ನನ್ನ ಅಭಿಪ್ರಾಯ.

ಇದೆಲ್ಲ ಲೆಕ್ಕಿಗರ ಜಗಳವಲ್ಲವೇ, ಇದರಿಂದ ಜನರಿಗೆ ಆಗುವುದೇನು ಎಂದು ನೀವು ಕೇಳಬಹುದು. ಗಡಿಗೆರೆ ಕಾಗದದ ಮೇಲೆ ಉಳಿಯುವುದಿಲ್ಲ, ನೆಲಕ್ಕೆ ಇಳಿಯುತ್ತದೆ ಎಂಬುದೇ ಇದಕ್ಕೆ ಉತ್ತರ. ಆಂಟೇರಿಯೊ ಸರೋವರದ ಪಶ್ಚಿಮದ ತುದಿಯಲ್ಲಿ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಹ್ಯಾಮಿಲ್ಟನ್ ನಗರವಿದೆ. 2001ರಲ್ಲಿ ಆರು ಸ್ಥಳೀಯ ಆಡಳಿತಗಳು ಕೂಡಿ ಈಗಿನ ನಗರವಾಯಿತು. ವಿಸ್ತೀರ್ಣ ಸುಮಾರು 1,118 ಚದರ ಕಿಲೋಮೀಟರು. 2021ರಲ್ಲಿ ಜನಸಂಖ್ಯೆ 5,69,353. ಈ ಎಲ್ಲೆಯೊಳಗೆ ಇನ್ನೊಂದು ಗೆರೆಯಿದೆ. ಆ ಗೆರೆಯ ಈಚೆಗೆ ಮನೆಗಳನ್ನು ಕಟ್ಟಬಹುದು. ಆಚೆಗೆ ಇರುವುದು ಹೊಲ.

2051ರ ವೇಳೆಗೆ ಆ ಊರಿಗೆ ಇನ್ನೂ ಸುಮಾರು 2 ಲಕ್ಷ 36 ಸಾವಿರ ಜನ ಸೇರುವರೆಂದು ಅಂದಾಜು ಮಾಡಿದ್ದರು. ಅವರಿಗೆ ನೆಲೆ ಎಲ್ಲಿ? ಗೆರೆಯನ್ನು ಹೊರಕ್ಕೆ ಸರಿಸಿ ಹೊಲಗಳಲ್ಲಿ ಬಡಾವಣೆಗಳನ್ನು ಕಟ್ಟುವುದೋ, ಗೆರೆಯ ಒಳಗಿನ ಖಾಲಿ ಜಾಗಗಳಲ್ಲಿ, ಮಹಡಿಗಳಲ್ಲಿ ಅವರಿಗೆ ಎಡೆಮಾಡುವುದೋ? 2021ರಲ್ಲಿ ನಗರಾಡಳಿತವು ಈ ಪ್ರಶ್ನೆಯನ್ನು ಅಂಚೆಯ ಮೂಲಕ ಮನೆಮನೆಗೂ ಕಳುಹಿಸಿತು. ಉತ್ತರ ಬರೆದ ಹದಿನೆಂಟು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ಗೆರೆಯನ್ನು ಸರಿಸಬಾರದೆಂದರು. ಅದೇ ವರ್ಷ ನವೆಂಬರಿನಲ್ಲಿ ನಗರಸಭೆಯೂ ಹಾಗೆಯೇ ತೀರ್ಮಾನಿಸಿತು. ಆದರೆ 2022ರ ನವೆಂಬರಿನಲ್ಲಿ ಪ್ರಾಂತ ಸರ್ಕಾರವು ಈ ತೀರ್ಮಾನವನ್ನು ಬದಲಿಸಿ ಸುಮಾರು 2,200 ಹೆಕ್ಟೇರು, ಅಂದರೆ ಐದು ಸಾವಿರದ ನಾನೂರು ಎಕರೆಯಷ್ಟು ನೆಲವನ್ನು ಗೆರೆಯ ಒಳಕ್ಕೆ ಸೇರಿಸಿತು. ಜನರ ಆಕ್ಷೇಪಣೆ ಬಲವಾದುದರಿಂದ 2023ರ ಕೊನೆಯಲ್ಲಿ ಅದೇ ಸರ್ಕಾರ ಶಾಸನವನ್ನು ಮಾಡಿ ಅದನ್ನು ಹಿಂತೆಗೆದುಕೊಂಡಿತು. ಎರಡು ವರ್ಷಗಳಲ್ಲಿ ಒಂದು ಗೆರೆ ಹೊರಗೆ ಹೋಗಿ ಒಳಗೆ ಬಂದಿತು. ಆ ಗೆರೆಯ ಕೆಳಗಿದ್ದುದು ಉಳುವವನ ಹೊಲವೆಂಬುದನ್ನು ಮರೆಯಬಾರದು.

ಇಷ್ಟು ದೊಡ್ಡ ದೇಶಕ್ಕೆ ಐದು ಸಾವಿರ ಎಕರೆ ಯಾವ ಲೆಕ್ಕ ಎನ್ನುವವರಿದ್ದಾರೆ. ಕೆನಡಾ ಸುಮಾರು 99 ಲಕ್ಷ 80 ಸಾವಿರ ಚದರ ಕಿಲೋಮೀಟರು ವಿಸ್ತೀರ್ಣದ ದೇಶ, ಜಗತ್ತಿನಲ್ಲಿ ಎರಡನೆಯದು. 2021ರ ಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 3 ಕೋಟಿ 70 ಲಕ್ಷ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಂತೆ ನೋಡಿದರೆ, ಅಷ್ಟು ದೊಡ್ಡ ಹಾಸಿಗೆಯಿರುವವರು ಕಾಲನ್ನು ಬೇಕಾದಂತೆ ಚಾಚಬಹುದಲ್ಲವೇ?

ಆದರೆ ಆ ಹಾಸಿಗೆ ಕಾಣುವಷ್ಟು ದೊಡ್ಡದಲ್ಲ. ಉತ್ತರದಲ್ಲಿ ಹಿಮ, ಅದಕ್ಕೆ ಈಚೆಗೆ ಬಂಡೆ ಮತ್ತು ಕಾಡು. 2016ರ ಗಣತಿಯಂತೆ ಕೆನಡಾದ ಮೂವರಲ್ಲಿ ಇಬ್ಬರು ಅಮೆರಿಕದ ಗಡಿಯಿಂದ ನೂರು ಕಿಲೋಮೀಟರಿನ ಒಳಗೆ, ದೇಶದ ನೂರಕ್ಕೆ ನಾಲ್ಕು ಪಾಲು ನೆಲದಲ್ಲಿ ವಾಸಿಸುತ್ತಾರೆ. ನೆಚ್ಚಿ ಬೇಸಾಯ ಮಾಡಬಹುದಾದ ಭೂಮಿ ನೂರಕ್ಕೆ ಐದರಷ್ಟು. ಅದರಲ್ಲಿಯೂ ಮೊದಲ ದರ್ಜೆಯ ಭೂಮಿ ನೂರಕ್ಕೆ ಅರ್ಧ ಪಾಲಿನಷ್ಟು ಮಾತ್ರ. ಆ ಅರ್ಧ ಪಾಲಿನಲ್ಲಿ ಹೆಚ್ಚು ಭಾಗ ಇರುವುದು ದಕ್ಷಿಣ ಆಂಟೇರಿಯೊದಲ್ಲಿ, ನಗರಗಳು ಒಂದರ ಪಕ್ಕದಲ್ಲೊಂದು ಬೆಳೆಯುತ್ತಿರುವ ಎಡೆಯಲ್ಲಿಯೇ. ಇದು ಕಾಕತಾಳೀಯವಲ್ಲ. ಮೊದಲು ಬಂದವರು ಬೇಸಾಯಕ್ಕೆ ಒಳ್ಳೆಯ ನೆಲವನ್ನು ಹುಡುಕಿ ಅಲ್ಲಿ ನೆಲೆನಿಂತರು. ಆ ನೆಲೆಗಳೇ ಬೆಳೆದು ನಗರಗಳಾದವು. ತನ್ನನ್ನು ಸಾಕಿದ ಹೊಲವನ್ನು ಊರು ತಾನೇ ನುಂಗುವಂತಾಯಿತು. ಈ ಅಪಾಯವನ್ನು ಕಂಡೇ ಬ್ರಿಟಿಷ್ ಕೊಲಂಬಿಯ 1973ರಲ್ಲಿಯೂ ಕ್ವಿಬೆಕ್ 1978ರಲ್ಲಿಯೂ ಕೃಷಿಭೂಮಿಯನ್ನು ಕಾಪಾಡುವ ಶಾಸನಗಳನ್ನು ಮಾಡಿದವು.

ಚೆದುರಿದ ಊರಿಗೆ ಬೇರೆ ಕಷ್ಟಗಳೂ ಉಂಟು. ಮನೆಗಳು ದೂರವಾದಷ್ಟೂ ನೀರಿನ ಕೊಳವೆ ಉದ್ದವಾಗಬೇಕು. ಚಳಿಗಾಲದಲ್ಲಿ ಹಿಮವನ್ನು ಬಳಿದು ಹಾಕಬೇಕಾದ ರಸ್ತೆಯೂ ಉದ್ದವಾಗುತ್ತದೆ. ಬಸ್ಸಿಗೆ ಸಾಕಷ್ಟು ಪ್ರಯಾಣಿಕರು ಸಿಗದೆ, ಕಾರಿಲ್ಲದವನು ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಮುದುಕರೂ ಮಕ್ಕಳೂ ಇದರಿಂದ ಹೆಚ್ಚು ತೊಂದರೆಪಡುತ್ತಾರೆ. ಅತಿ ದೊಡ್ಡ ನಗರಗಳು ಈಗಾಗಲೇ ಹರಡಿಕೊಂಡಾಗಿದೆ. ಅವುಗಳನ್ನು ತಿದ್ದುವುದು ಕಷ್ಟ. ಮಧ್ಯಮ ಗಾತ್ರದ ನಗರಗಳಿಗಾದರೋ ತಮ್ಮ ದಾರಿಯನ್ನು ಆರಿಸಿಕೊಳ್ಳುವ ಅವಕಾಶ ಇನ್ನೂ ಇದೆ. ಅವುಗಳ ವಿಷಯ ಮುಖ್ಯವೆಂದು ನಾನು ಹೇಳುವುದು ಈ ಕಾರಣದಿಂದಲೇ.

ಎದುರು ಪಕ್ಷದ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ. ಗೆರೆಯನ್ನು ಬಿಗಿಹಿಡಿದರೆ ನಿವೇಶನದ ಬೆಲೆ ಏರುತ್ತದೆ, ಹೊಸದಾಗಿ ಸಂಸಾರ ಹೂಡುವ ಬಡವನಿಗೆ ಮನೆಯೇ ಸಿಗುವುದಿಲ್ಲ ಎಂದು ಅವರು ವಾದಿಸುತ್ತಾರೆ. ಇದನ್ನು ತಳ್ಳಿಹಾಕಲಾಗದು. ಹೊಲವನ್ನು ಉಳಿಸಿರೆಂದು ಕೂಗುವವರೇ ತಮ್ಮ ಬೀದಿಯಲ್ಲಿ ಮೂರು ಮಹಡಿಯ ಕಟ್ಟಡ ಏಳುವುದನ್ನು ವಿರೋಧಿಸಿದರೆ ಅವರ ಮಾತಿಗೆ ಬೆಲೆಯಿಲ್ಲ. ಊರು ಹೊರಕ್ಕೆ ಹರಡಬಾರದೆನ್ನುವವನು ಒಳಗೆ ಹೊಸಬನಿಗೆ ಜಾಗ ಬಿಡಲು ಸಿದ್ಧನಿರಬೇಕು. ಈ ಎರಡನ್ನೂ ಒಟ್ಟಿಗೆ ಒಪ್ಪುವವರು ಮಾತ್ರ ಗೆರೆಯ ಪರವಾಗಿ ಮಾತನಾಡಲು ಅರ್ಹರು.

ಕೆಲವು ದಿನಗಳ ಮೇಲೆ ನೆರೆಮನೆಯ ಹುಡುಗಿ ಮತ್ತೆ ಬಂದಳು. ತನ್ನ ಪಟ್ಟಿಯಲ್ಲಿ ಜನಸಂಖ್ಯೆ, ವಿಸ್ತೀರ್ಣ, ಸಾಂದ್ರತೆ ಎಂಬ ಮೂರು ಕಂಬಸಾಲುಗಳ ಪಕ್ಕದಲ್ಲಿ ನಾಲ್ಕನೆಯ ಸಾಲೊಂದನ್ನು ಕೈಯಾರೆ ಗೀಚಿದ್ದಳು. ಅದರ ತಲೆಯಲ್ಲಿ “ಗೆರೆ ಎಲ್ಲಿದೆ? ಎಳೆದವರು ಯಾರು?” ಎಂದು ಬರೆದಿತ್ತು. ಕೆಳಗಿನ ಮನೆಗಳಲ್ಲಿ ಹೆಚ್ಚಿನವು ಇನ್ನೂ ಖಾಲಿಯಾಗಿದ್ದವು. ನನಗೆ ಸಂತೋಷವಾಯಿತು. ಯಾವ ನಾಡಿನ ಯಾವ ಊರಿನ ವಿಷಯವನ್ನೇ ಓದಿದರೂ ಈ ನಾಲ್ಕನೆಯ ಸಾಲನ್ನು ಮರೆಯದಿರಿ. ಅಂಕಿಯನ್ನು ಗೌರವಿಸೋಣ, ಆದರೆ ಅದನ್ನು ಯಾವ ಸೇರಿನಲ್ಲಿ ಅಳೆದರೆಂದು ಕೇಳಿಯೇ ಗೌರವಿಸೋಣ.