ಮನೆ ಮಾಲೂರಿನಲ್ಲಿ, ಬದುಕು ರೈಲಿನಲ್ಲಿ

ಸಣ್ಣ ಊರಿನಲ್ಲಿ ಸಂಸಾರ ಹೂಡಿ, ದೊಡ್ಡ ಊರಿನಲ್ಲಿ ದುಡಿದು ತನ್ನಿ! ನಿವೇಶನ ಮಾರುವ ಮಹನೀಯರು ದುಡಿಯುವ ಜನಕ್ಕೆ ಕೊಡುತ್ತಿರುವ ಹೊಸ ಉಪದೇಶವಿದು. ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡಿರುವ ಜೋಗುಪಾಳ್ಯದ ಓಣಿಗಳಲ್ಲಿ ಅವರ ಕರಪತ್ರಗಳು ಬಾಗಿಲು ಬಾಗಿಲಿಗೂ ಬೀಳುತ್ತಿವೆ. ಮಾಲೂರು, ಟೇಕಲ್, ಬಂಗಾರಪೇಟೆ, ಎಲ್ಲಿ ನೋಡಿದರೂ ಶುದ್ಧವಾದ ಗಾಳಿ, ಮಕ್ಕಳಿಗೆ ಬಯಲು, ಸ್ವಂತದ ಗೋಡೆ, ಕೂಗಳತೆಯಲ್ಲಿ ರೈಲು! ನಮ್ಮ ಜಿಲ್ಲೆಗೆ ಇಷ್ಟೊಂದು ಸೊಬಗಿದೆಯೆಂಬುದು ಇಲ್ಲೇ ಹುಟ್ಟಿ ಬೆಳೆದ ನಮಗೂ ಈವರೆಗೆ ತಿಳಿದಿರಲಿಲ್ಲ.

ಹಾಗೆ ಬಂದು ನೆಲೆಸಿದ ಸಂಸಾರಗಳನ್ನು ಆಡಿಕೊಳ್ಳಲು ನಾವು ಹೊರಟಿಲ್ಲ. ಜೋಗುಪಾಳ್ಯದಿಂದ ಮಾಲೂರಿಗೆ ಬಂದ ಲೇತ್ ಕೆಲಸಗಾರರೊಬ್ಬರನ್ನು ಒಂದು ರಾತ್ರಿ ಮಾಲೂರಿನ ಪ್ಲಾಟ್‌ಫಾರಂ ಮೇಲೆ ಕಂಡು ಮಾತನಾಡಿಸಿದೆವು. "ಅಲ್ಲಾ ಮೇಷ್ಟ್ರೇ, ಅಲ್ಲಿ ಹತ್ತಡಿಗೆ ಹತ್ತಡಿ ಮನೆ. ಮಗು ಹೊಸ್ತಿಲು ದಾಟಿದರೆ ಸ್ಕೂಟರಿನ ಕೆಳಗೆ. ವರ್ಷಕ್ಕೊಂದು ಸಲ ಬಾಡಿಗೆ ಏರಿಸ್ತಾರೆ. ಇಲ್ಲಿ ನನ್ನ ಗೋಡೆಗೆ ನಾನು ಮೊಳೆ ಹೊಡೆಯೋಕೆ ಯಾರ ಅಪ್ಪಣೇನೂ ಬೇಡ. ಇದು ತಪ್ಪಾ?" ಎಂದು ಅವರು ನಮ್ಮನ್ನೇ ಕೇಳಿದರು. ತಪ್ಪೆಂದು ಹೇಳುವ ಬಾಯಿ ನಮಗಿಲ್ಲ. ಆ ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಎಚ್ಚರವಾಗಿರುತ್ತೀರಿ ಎಂದಷ್ಟೇ ಕೇಳಿದೆವು. "ಭಾನುವಾರ ಸೇರಿಸಿ ಕೇಳ್ತೀರೋ, ಬಿಟ್ಟು ಕೇಳ್ತೀರೋ?" ಎಂದು ನಕ್ಕು ಅವರು ಸೈಕಲ್ಲನ್ನು ತಳ್ಳಿಕೊಂಡು ಹೊರಟರು.

ನಾವು ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳಿದವರು. ಲೆಕ್ಕ ಮಾಡದೆ ಬಿಡುವ ಜಾತಿಯಲ್ಲ. ಮನೆಯಿಂದ ನಿಲ್ದಾಣಕ್ಕೆ ಸೈಕಲ್ಲು, ರೈಲಿಗೆ ಕಾಯುವುದು, ಬೈಯಪ್ಪನಹಳ್ಳಿಯವರೆಗೆ ನಿಂತು ಪಯಣ, ಅಲ್ಲಿಂದ ಮೆಟ್ರೋ, ಮತ್ತೆ ನಡಿಗೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ದಿನಕ್ಕೆ ೪ ಗಂಟೆಯಾದರೆ, ಕೆಲಸದ ೨೬ ದಿನಕ್ಕೆ ೧೦೪ ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಅದು ೧೩ ದಿನದ ದುಡಿಮೆ. ವರ್ಷಕ್ಕೆ ೧೨೪೮ ಗಂಟೆ, ಎಂದರೆ ಹಗಲು ರಾತ್ರಿ ಸೇರಿ ೫೨ ದಿನ. ಕಾರ್ಮಿಕ ಬಂಧುಗಳೇ, ೫೨ ದಿನ ನಿಮ್ಮನ್ನು ಯಾರಾದರೂ ಒಂದು ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಸುಮ್ಮನಿರುತ್ತೀರಾ? ಇಲ್ಲಿ ಆ ಪೆಟ್ಟಿಗೆಗೆ ಚಕ್ರವಿದೆ, ಮೇಲಾಗಿ ತಿಂಗಳ ಪಾಸಿಗೆ ನಾವೇ ದುಡ್ಡು ಕೊಡುತ್ತಿದ್ದೇವೆ. ಅಷ್ಟೇ ವ್ಯತ್ಯಾಸ.

ಸಂಸಾರಕ್ಕಾಗಿ ತಾನೆ ಈ ಕಷ್ಟವೆಲ್ಲ ಎನ್ನುತ್ತಾರೆ. ಆ ಸಂಸಾರದ ಮಾತನ್ನೇ ಕೇಳೋಣ. ರೈಲು ಹಾದಿಯ ಒಂದು ಊರಿನ ಶಾಲೆಯಲ್ಲಿ, ನಾಲ್ಕನೆಯ ತರಗತಿಗೆ ನಾವು 'ನನ್ನ ತಂದೆ' ಎಂಬ ವಿಷಯ ಕೊಟ್ಟು ಬರೆಯಲು ಹೇಳಿದ್ದೆವು. ಒಬ್ಬ ಹುಡುಗ, "ನಮ್ಮ ತಂದೆ ಭಾನುವಾರ ಮನೆಗೆ ಬರುತ್ತಾರೆ" ಎಂದು ಬರೆದ. ಎಲ್ಲೋ ದೂರದೂರಿನಲ್ಲಿ ಕೆಲಸವಿರಬೇಕೆಂದು ನಾವು ಎಣಿಸಿದೆವು. ವಿಚಾರಿಸಿದಾಗ ತಿಳಿದದ್ದೇ ಬೇರೆ. ಆ ತಂದೆ ದಿನವೂ ಮನೆಗೆ ಬರುತ್ತಿದ್ದ. ಹುಡುಗ ಮಲಗಿದ ಮೇಲೆ ಬಂದು, ಹುಡುಗ ಏಳುವ ಮುಂಚೆ ಹೊರಡುತ್ತಿದ್ದ. ಮಗನ ಲೆಕ್ಕದಲ್ಲಿ ಅವನು ವಾರಕ್ಕೊಮ್ಮೆ ಬರುವ ನೆಂಟ. ಆ ಬರಹಕ್ಕೆ ನಾವು ಅಂಕ ಹಾಕಲಾರದೆ ಹೋದೆವು. ಮಕ್ಕಳಿಗೆ ಬಯಲು ಸಿಕ್ಕಿತು ನಿಜ. ಬಯಲಿನಲ್ಲಿ ಚೆಂಡು ಎಸೆಯಲು ತಂದೆ ಸಿಗಲಿಲ್ಲ.

ತಂದೆಯ ಪಾಡು ಹೀಗಾದರೆ, ದುಡಿಯಲು ಹೋಗುವ ತಾಯಿಯ ಪಾಡೇನು? ಅಡಿಗೆ, ನೀರು, ಮಕ್ಕಳ ಬುತ್ತಿ, ಎಲ್ಲವನ್ನೂ ಬೆಳಕು ಹರಿಯುವ ಮುಂಚೆ ಮುಗಿಸಿ ಅವಳು ರೈಲು ಹಿಡಿಯಬೇಕು. ೨೦೨೩ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಒಳ್ಳೆಯ ಕೆಲಸವೆಂದು ನಾವು ಒಪ್ಪುತ್ತೇವೆ. ಆದರೆ ಅದರಿಂದ ಟಿಕೆಟ್ಟಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ರೈಲಿಗೆ ಆ ಉಚಿತವೂ ಇಲ್ಲ.

ಪ್ರಯಾಣ ನಿಮ್ಮ ಸ್ವಂತ ವಿಷಯ, ಅದಕ್ಕೆ ನಾವು ಹೊಣೆಯಲ್ಲ ಎಂದು ಮಾಲೀಕರು ಹೇಳುತ್ತಾರೆ. ಕಾಯಿದೆ ಏನು ಹೇಳುತ್ತದೆ ನೋಡಿ. ೨೦೧೦ರಲ್ಲಿ ಇ.ಎಸ್.ಐ. ಕಾಯಿದೆಗೆ ತಿದ್ದುಪಡಿಯಾಯಿತು. ಮನೆಯಿಂದ ಕೆಲಸಕ್ಕೆ ಹೋಗುವಾಗಲೋ ಕೆಲಸದಿಂದ ಮನೆಗೆ ಮರಳುವಾಗಲೋ ಕಾರ್ಮಿಕನಿಗೆ ಅಪಘಾತವಾಗಿ, ಅದಕ್ಕೂ ಕೆಲಸಕ್ಕೂ ಇರುವ ಸಂಬಂಧ ಸಿದ್ಧವಾದರೆ, ಅದನ್ನು ಕೆಲಸದಲ್ಲೇ ಆದ ಅಪಘಾತವೆಂದು ಎಣಿಸಬೇಕೆಂದು ಆಯಿತು. ಎಂದರೆ, ದಾರಿಯಲ್ಲಿ ಕಾಲು ಮುರಿದರೆ ಆ ಪ್ರಯಾಣ ದುಡಿಮೆಯ ಭಾಗ. ಕಾಲು ಗಟ್ಟಿಯಾಗಿದ್ದು ವರ್ಷವೆಲ್ಲ ನಿಂತೇ ಪಯಣಿಸಿದರೆ ಅದು ನಿಮ್ಮ ಸ್ವಂತ ವಿಷಯ! ಈ ನ್ಯಾಯವನ್ನು ನಮಗೆ ಯಾರಾದರೂ ಬಿಡಿಸಿ ಹೇಳಲಿ. ಇತ್ತ ೨೦೨೩ರಲ್ಲಿ ನಮ್ಮ ರಾಜ್ಯ ಸರಕಾರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರದ ೪೮ ಗಂಟೆಯ ಮಿತಿಯೊಳಗೆ ದಿನಕ್ಕೆ ೧೨ ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಹನ್ನೆರಡಕ್ಕೆ ನಾಲ್ಕು ಕೂಡಿದರೆ ಹದಿನಾರು. ಉಳಿದ ಎಂಟರಲ್ಲಿ ಉಣ್ಣಬೇಕು, ಮಲಗಬೇಕು, ಮಗುವಿನ ಮುಖ ನೋಡಬೇಕು. ಆ ತಿದ್ದುಪಡಿ ತಂದವರು ಮಾಲೂರಿನ ರೈಲು ಹತ್ತಿದವರಲ್ಲ.

ಹಿಂದೆ ಹೀಗಿರಲಿಲ್ಲ. ೧೯೪೮ರಲ್ಲಿ ಐ.ಟಿ.ಐ. ಕಾರ್ಖಾನೆ ಬಂದಾಗ ಅದರ ಮಗ್ಗುಲಲ್ಲೇ ದೂರವಾಣಿನಗರ ಎದ್ದಿತು. ಕಾರ್ಮಿಕರಿಗೆ ಮನೆ, ಮಕ್ಕಳಿಗೆ ಶಾಲೆ, ಕಾಯಿಲೆಗೆ ಆಸ್ಪತ್ರೆ, ಎಲ್ಲವೂ ಅಲ್ಲೇ. ಅದಕ್ಕೂ ಹಿಂದೆ ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷ್ ಕಂಪನಿ ಕೂಡ ಕೂಲಿಗಳಿಗೆ ಲೈನ್ ಮನೆಗಳನ್ನು ಕಟ್ಟಿತ್ತು. ಧರ್ಮಕ್ಕೆ ಕಟ್ಟಿದ್ದಲ್ಲ, ಅವು ಅರಮನೆಗಳೂ ಅಲ್ಲ. ಆಳು ಬೇಕಾದವನು ಆಳಿಗೆ ಸೂರು ಕೊಡಬೇಕೆಂಬ ಲೆಕ್ಕವಾದರೂ ಅವರಿಗೆ ತಿಳಿದಿತ್ತು. ಇಂದಿನ ಮಾಲೀಕ ಅದಕ್ಕಿಂತ ಜಾಣ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲು ಸಾಲದ ಕೂಲಿ ಕೊಟ್ಟು, ಬಾಡಿಗೆ ಕಡಿಮೆಯಿರುವ ಊರನ್ನು ನೀವೇ ಹುಡುಕಿಕೊಳ್ಳಿ ಎನ್ನುತ್ತಾನೆ. ಕೂಲಿಯಲ್ಲಿ ಕಡಿತವಾದ ಹಣವನ್ನು ನಾವು ನಿದ್ದೆಯಲ್ಲಿ ತೆರುತ್ತೇವೆ. ಇದಕ್ಕೆ ಆಯ್ಕೆಯೆಂಬ ಹೆಸರು ಬೇರೆ!

ಆ ಗಣಿಯೂರಿನ ಕತೆಯನ್ನು ನಮ್ಮ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಮೊದಲು ಕೆ.ಜಿ.ಎಫ್.ಗೆ, ಬೆಂಗಳೂರಿಗೆ ದೀಪ ಬಂದದ್ದು ೧೯೦೫ರಲ್ಲಿ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಲ್ಲಿನ ಜನ ಸಣ್ಣ ಊರನ್ನು ಆರಿಸಿಕೊಂಡವರಲ್ಲ. ಊರು ಇದ್ದಲ್ಲೇ ಇತ್ತು, ಕೆಲಸ ಎದ್ದು ಹೋಯಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಕತ್ತಲೆಯಲ್ಲೇ ರೈಲು ಹತ್ತಿ, ಬೆಂಗಳೂರಿನಲ್ಲಿ ಕಾವಲು, ಕಸೂತಿ, ಕಟ್ಟಡ, ಯಾವ ಕೆಲಸ ಸಿಕ್ಕರೆ ಅದನ್ನು ಮಾಡಿ, ಮತ್ತೆ ಕತ್ತಲೆಯಲ್ಲೇ ಇಳಿಯುತ್ತಿದ್ದಾರೆ. ಅಪ್ಪ ಗಣಿಯೊಳಗೆ ಸೂರ್ಯನನ್ನು ಕಾಣಲಿಲ್ಲ, ಮಗ ತನ್ನ ಊರಿನಲ್ಲಿ ಸೂರ್ಯನನ್ನು ಕಾಣುವುದಿಲ್ಲ.

ಸಣ್ಣ ಊರು ಸಣ್ಣದಾಗಿಯೇ ಉಳಿಯುತ್ತದೆಂಬ ಭ್ರಮೆಯೂ ಬೇಡ. ಜೋಗುಪಾಳ್ಯವೂ ಒಂದು ಕಾಲಕ್ಕೆ ಪೇಟೆಯ ಹೊರಗಿನ ಪಾಳ್ಯ. ೧೮೮೨ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಆಂಗ್ಲೋ ಇಂಡಿಯನ್ ಸಂಸಾರಗಳು ನೆಮ್ಮದಿಯಾಗಿ ಬಾಳಲೆಂದು ಕಟ್ಟಿದ ಊರು ವೈಟ್‌ಫೀಲ್ಡ್. ಇಂದು ಅಲ್ಲಿ ನೆಮ್ಮದಿಯ ಬಾಡಿಗೆ ಎಷ್ಟೆಂದು ಹೋಗಿ ಕೇಳಿ ನೋಡಿ. ಜೋಗುಪಾಳ್ಯದಿಂದ ಕೃಷ್ಣರಾಜಪುರಕ್ಕೆ, ಅಲ್ಲಿಂದ ವೈಟ್‌ಫೀಲ್ಡಿಗೆ, ಅಲ್ಲಿಂದ ಮಾಲೂರಿಗೆ, ನಾಳೆ ಬಂಗಾರಪೇಟೆಗೆ. ತಲೆಮಾರಿಗೆ ಒಂದೆರಡು ನಿಲ್ದಾಣ ಹಿಂದಕ್ಕೆ ಸರಿಯುವುದೇ ದುಡಿಯುವವನ ಪಾಲಿನ ಪ್ರಗತಿಯೇ?

ಸಣ್ಣ ವರ್ತಕ ಬಂಧುಗಳು ಇದು ಕಾರ್ಮಿಕರ ಗೋಳು, ನಮಗೇನು ಎಂದು ಎಣಿಸಬಾರದು. ಬಾಡಿಗೆದಾರ ಸಂಸಾರ ಜೋಗುಪಾಳ್ಯ ಬಿಟ್ಟರೆ, ತಿಂಗಳ ಬಾಬ್ತು ಬರೆಸುತ್ತಿದ್ದ ದಿನಸಿ ಅಂಗಡಿಯ ಪುಸ್ತಕದಲ್ಲಿ ಒಂದು ಹಾಳೆ ಖಾಲಿಯಾಗುತ್ತದೆ. ಆ ಗಿರಾಕಿ ಮಾಲೂರಿನ ಅಂಗಡಿಗಾದರೂ ಬರುತ್ತಾನೆಯೇ? ಅವನು ಇಳಿಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ತರಕಾರಿಯನ್ನು ಅವನು ಬೈಯಪ್ಪನಹಳ್ಳಿಯಲ್ಲೇ ಕೊಂಡು ಚೀಲದಲ್ಲಿ ತಂದಿರುತ್ತಾನೆ. ಆದರೆ ನಿವೇಶನದ ಬೆಲೆಯ ಜೊತೆಗೆ ಅಂಗಡಿಯ ಬಾಡಿಗೆ ಮಾತ್ರ ಏರುತ್ತದೆ. ೨೦೧೧ರ ಅಕ್ಟೋಬರ್ ೨೦ರಂದು ರಾಜ್ಯದ ಮೊದಲ ಮೆಟ್ರೋ ಓಡಿದ್ದು ಜೋಗುಪಾಳ್ಯದ ಪಕ್ಕದ ಸಿ.ಎಂ.ಎಚ್. ರಸ್ತೆಯ ಮೇಲೆ. ಕಟ್ಟುವಷ್ಟು ವರ್ಷ ಧೂಳು ತಿಂದವರು ಅಲ್ಲಿನ ವರ್ತಕರು. ನೆಲದ ಬೆಲೆ ಏರಿದಾಗ ಲಾಭ ಉಂಡವರು ನೆಲದ ಒಡೆಯರು. ೨೦೨೫ರ ಫೆಬ್ರವರಿಯಲ್ಲಿ ಅದೇ ಮೆಟ್ರೋದ ಗರಿಷ್ಠ ದರ ೬೦ ರೂಪಾಯಿಯಿಂದ ೯೦ಕ್ಕೆ ಏರಿತು.

ನಮ್ಮ ಜಿಲ್ಲೆಗೂ ಬೆಂಗಳೂರಿಗೂ ಇರುವ ಕೊಡುಕೊಳೆ ಎಂಥದ್ದೆಂದು ಒಮ್ಮೆ ನೋಡಿ. ಮಾಲೂರು ಇಟ್ಟಿಗೆ ಕೊಟ್ಟಿತು, ಹೆಂಚು ಕೊಟ್ಟಿತು. ಈಗ ಬೆಳಗಿನ ರೈಲಿನಲ್ಲಿ ಆಳು ಕೊಡುತ್ತಿದೆ. ಅಲ್ಲಿಂದ ರಾತ್ರಿ ದಣಿದ ಮೈ ಮರಳಿ ಬರುತ್ತದೆ. ೨೦೧೮ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೆರೆಗಳು ತುಂಬಿದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಗರ ಬಳಸಿ ಬಿಟ್ಟ ನೀರಿಗೂ, ನಗರ ಬಳಸಿ ಬಿಟ್ಟ ಮನುಷ್ಯರಿಗೂ ನಮ್ಮ ಜಿಲ್ಲೆಯೇ ತಂಗುದಾಣವಾಗಬೇಕೆಂಬ ನೀತಿಯನ್ನು ಒಪ್ಪಲಾರೆವು.

ಎಲ್ಲರೂ ಬೆಂಗಳೂರಿನಲ್ಲೇ ಕುಳಿತರೆ ಜಾಗವೆಲ್ಲಿ ಎಂದು ಕೇಳುವವರುಂಟು. ಜೋಗುಪಾಳ್ಯದಿಂದ ಸ್ವಲ್ಪ ದೂರದಲ್ಲೇ, ಬೈಯಪ್ಪನಹಳ್ಳಿಯಲ್ಲಿ, ೨೦೦೨ರಲ್ಲಿ ಮುಚ್ಚಿದ ಎನ್.ಜಿ.ಇ.ಎಫ್. ಕಾರ್ಖಾನೆಯ ನೆಲವಿದೆ. ಅದು ಸರಕಾರದ ನೆಲ. ಅಲ್ಲಿ ಮರಗಳ ಉದ್ಯಾನ ಮಾಡುತ್ತೇವೆನ್ನುತ್ತಾರೆ. ಮರಗಳಿರಲಿ, ನಮಗೂ ನೆರಳು ಬೇಕು. ಅದರ ಒಂದು ಅಂಚಿನಲ್ಲಿ ದುಡಿಯುವ ಸಂಸಾರಗಳಿಗೆ ಬಾಡಿಗೆ ಮನೆ ಕಟ್ಟಿದರೆ ಯಾವ ಮರ ಬಾಡುತ್ತದೆ?

ಉಪನಗರ ರೈಲಿನ ಮಾತು ಬೇರೆ ಇದೆ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹಳಿ ಬಿದ್ದದ್ದು ೧೮೬೪ರಲ್ಲಿ. ಅದೇ ಹಾದಿಯಲ್ಲಿ ನಾವು ಇಂದಿಗೂ ತೂಗಾಡುತ್ತಿದ್ದೇವೆ. ೨೦೨೦ರಲ್ಲಿ ಕೇಂದ್ರ ಸರಕಾರ ೧೪೮ ಕಿಲೋಮೀಟರಿನ ಉಪನಗರ ರೈಲು ಯೋಜನೆಗೆ ಒಪ್ಪಿಗೆ ಕೊಟ್ಟಿತು. ೨೦೨೨ರ ಜೂನ್ ೨೦ರಂದು ಪ್ರಧಾನಿಗಳು ಅಡಿಗಲ್ಲು ಹಾಕಿ, ೪೦ ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ ೪೦ ತಿಂಗಳು ೨೦೨೫ರ ಅಕ್ಟೋಬರಿಗೆ ಮುಗಿದವು. ಅಷ್ಟರೊಳಗೆ ಒಂದು ಬಂಡಿಯೂ ಓಡಲಿಲ್ಲ. ಓಡಿದರೂ, ಪೂರ್ವದಲ್ಲಿ ಆ ಯೋಜನೆಯ ಹಳಿ ವೈಟ್‌ಫೀಲ್ಡಿಗೇ ನಿಲ್ಲುತ್ತದೆ. ಮಾಲೂರಿನವರ ಪಾಲಿಗೆ ಅಡಿಗಲ್ಲೂ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಒಂದು, ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಸರಕಾರದ ನೆಲದಲ್ಲಿ, ಮಾರಾಟಕ್ಕಲ್ಲದ ಬಾಡಿಗೆ ಮನೆಗಳು. ಎರಡು, ಒಂದು ಗಂಟೆ ಮೀರಿದ ಪ್ರಯಾಣಕ್ಕೆ ಮಾಲೀಕನು ಭತ್ಯೆ ಕೊಡಬೇಕೆಂಬ ಕಟ್ಟಳೆ. ಮೂರು, ಉಪನಗರ ರೈಲು ಮಾಲೂರು, ಬಂಗಾರಪೇಟೆಗಳನ್ನು ಮುಟ್ಟಬೇಕು. ನಾಲ್ಕು, ನಮ್ಮ ಊರುಗಳಿಗೆ ಮಲಗುವ ಜನವಲ್ಲ, ಕೆಲಸ ಬರಬೇಕು. ಆಸ್ಪತ್ರೆಗೂ ಕಾಲೇಜಿಗೂ ಬೆಂಗಳೂರಿನ ರೈಲನ್ನೇ ಹತ್ತಬೇಕಾದ ಸ್ಥಿತಿ ತಪ್ಪಬೇಕು.

ಇದೆಲ್ಲ ಬರುವವರೆಗೆ ಮಗು ಬೆಳೆಯದೆ ನಿಲ್ಲುವುದಿಲ್ಲವೆಂಬುದನ್ನು ನಾವು ಬಲ್ಲೆವು. ಮುಂಗಡ ಕೊಡಲು ಹೊರಟಿರುವ ಬಂಧುಗಳಿಗೆ ಒಂದು ಮಾತು. ನಿವೇಶನವನ್ನು ಭಾನುವಾರದ ಮಧ್ಯಾಹ್ನ, ಮಾರುವವನ ಕಾರಿನಲ್ಲಿ ಕುಳಿತು ನೋಡಬೇಡಿ. ಸೋಮವಾರ ಬೆಳಗಿನ ಜಾವ ಅಲ್ಲಿಂದ ನಡೆದು ಹೊರಟು, ಕೆಲಸದ ಬಾಗಿಲು ಮುಟ್ಟಿ ನೋಡಿ. ಕೊನೆಯ ರೈಲು ತಪ್ಪಿದರೆ ದಾರಿಯೇನು, ನಡುರಾತ್ರಿ ಮಗುವಿಗೆ ಜ್ವರ ಬಂದರೆ ವೈದ್ಯರೆಲ್ಲಿ, ಬೇಸಗೆಯಲ್ಲಿ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ, ಇವನ್ನು ಅಲ್ಲಿ ಈಗಾಗಲೇ ಇರುವ ಹೆಂಗಸರನ್ನು ಕೇಳಿ. ಕರಪತ್ರ ಹೇಳದ್ದನ್ನು ಅವರು ಹೇಳುತ್ತಾರೆ.

ಹೋದ ಮೇಲೆ ಒಬ್ಬೊಬ್ಬರೇ ತೂಗಾಡಬೇಡಿ. ಒಂದೇ ಡಬ್ಬಿಯಲ್ಲಿ ದಿನವೂ ಜೊತೆಗೆ ನಿಲ್ಲುವ ಜನಕ್ಕಿಂತ ದೊಡ್ಡ ಸಂಘ ಯಾವುದಿದೆ? ಗಿರಣಿಯ ಕೆಲಸಗಾರ, ಹೊಲಿಗೆಯ ಹೆಣ್ಣುಮಗಳು, ಹೂವಿನ ಬುಟ್ಟಿಯವಳು, ಸರಕು ತರಲು ಹೊರಟ ಅಂಗಡಿಯವನು, ಎಲ್ಲರೂ ಅಲ್ಲೇ ಇದ್ದಾರೆ. ಆ ಡಬ್ಬಿಯಲ್ಲಿ ಇಸ್ಪೀಟಿನ ಜೊತೆಗೆ ಈ ಲೆಕ್ಕವನ್ನೂ ಹರಡಿ. ಅಪ್ಪ ಭಾನುವಾರ ಬರುತ್ತಾನೆಂದು ಯಾವ ಮಗುವೂ ಇನ್ನು ಬರೆಯಬಾರದು.