ಪಕ್ಷ ತೊರೆಯುವ ಹಕ್ಕು

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಇಬ್ಬರು ತರುಣರನ್ನು ಓದುಗರಲ್ಲಿ ಕೆಲವರಾದರೂ ನೆನಪಿಟ್ಟಿರಬಹುದು. ಬಡಾವಣೆಯ ನೀರು, ಚರಂಡಿ, ಬೀದಿದೀಪಗಳ ಬಗೆಗಿನ ಅಹವಾಲುಗಳನ್ನು ಬರೆದುಕೊಳ್ಳುತ್ತಿದ್ದೇವೆಂದು ಹೇಳಿ ಅವರು ಬಂದವರ ಹೆಸರು, ಮೊಬೈಲ್ ಸಂಖ್ಯೆಗಳನ್ನು ಪಡೆದರು. ಫೋನಿಗೆ ಬಂದ ಓಟಿಪಿಯನ್ನೂ ಕೇಳಿ ಪಡೆದರು. ಕಾರ್ಯಕ್ರಮ ಮುಗಿಯುವ ಮುನ್ನವೇ ರಾಜಕೀಯ ಪಕ್ಷವೊಂದರ ಸ್ವಾಗತ ಸಂದೇಶ, ಸದಸ್ಯತ್ವದ ಸಂಖ್ಯೆಯೊಡನೆ, ಅವರೆಲ್ಲರ ಫೋನಿಗೆ ಬಂದು ಸೇರಿತ್ತು. ಈ ಸಾಲುಗಳನ್ನು ಬರೆಯುತ್ತಿರುವವನೂ ಹಾಗೆ ಸದಸ್ಯರಾದವರಲ್ಲಿ ಒಬ್ಬ. ನಮ್ಮ ಹಿರಿಯರೊಬ್ಬರು ಮರುವಾರ ಆ ಪಕ್ಷದ ಸ್ಥಳೀಯ ಕಚೇರಿಗೆ ಹೋಗಿ ತಮ್ಮ ಹೆಸರನ್ನು ತೆಗೆಯಬೇಕೆಂದು ಕೋರಿದರು. ಅಲ್ಲಿದ್ದವರು ಗೌರವದಿಂದಲೇ ಚಹಾ ಕೊಟ್ಟು, ಸೇರಿಸಿಕೊಳ್ಳುವ ಏರ್ಪಾಡು ತಮ್ಮಲ್ಲಿದೆ, ತೆಗೆಯುವ ಏರ್ಪಾಡಿಲ್ಲ, ಹೆಸರು ಇದ್ದರೆ ನಷ್ಟವಾದರೂ ಏನು ಎಂದು ಕೇಳಿ ಕಳುಹಿಸಿದರು.

ನಷ್ಟವೇನೆಂಬುದನ್ನು ಹೇಳಲೇಬೇಕಾಗಿದೆ. ದೆಹಲಿಯ ಕನ್ನಡಿಗರಲ್ಲಿ ಕೇಂದ್ರ ಸರ್ಕಾರದ ನೌಕರಿಗೆಂದು ಬಂದು ನೆಲೆಸಿದವರು ಬಹಳ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 5ನೆಯ ನಿಯಮದಂತೆ ಸರ್ಕಾರಿ ನೌಕರ ಯಾವ ರಾಜಕೀಯ ಪಕ್ಷದ ಸದಸ್ಯನೂ ಆಗಿರಕೂಡದು, ಅದರೊಡನೆ ಸಂಬಂಧವನ್ನೂ ಇಟ್ಟುಕೊಳ್ಳಕೂಡದು. ಯಾರೋ ಒತ್ತಿದ ಒಂದು ಗುಂಡಿಯಿಂದ ಆದ ಸದಸ್ಯತ್ವವನ್ನು ಅಲ್ಲಗಳೆಯುವ ಹೊಣೆ ನಾಳೆ ಆ ನೌಕರನ ಮೇಲೆಯೇ ಬೀಳುತ್ತದೆ. ಇನ್ನು, ಹೊಸ ಪಕ್ಷವೊಂದು ಚುನಾವಣಾ ಆಯೋಗದಲ್ಲಿ ನೋಂದಣಿ ಕೋರಿದಾಗ ಕನಿಷ್ಠ 100 ಮಂದಿ ಮತದಾರ ಸದಸ್ಯರು ತಾವು ನೋಂದಾಯಿತವಾದ ಬೇರಾವ ಪಕ್ಷಕ್ಕೂ ಸೇರಿಲ್ಲವೆಂದು ಒಬ್ಬೊಬ್ಬರೂ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಹಳೆಯ ಪಕ್ಷದ ಪುಸ್ತಕದಲ್ಲಿ ಹೆಸರು ಉಳಿದಿದ್ದರೆ ಆ ಪ್ರಮಾಣ ನಿಜವೋ ಸುಳ್ಳೋ? ಇವೆರಡಕ್ಕಿಂತ ಹಿರಿದಾದ ನಷ್ಟವೂ ಒಂದುಂಟು. ತನ್ನ ಒಪ್ಪಿಗೆಯಿಲ್ಲದೆ ತನ್ನ ಹೆಸರು ಪರರ ಬಲಪ್ರದರ್ಶನದ ಲೆಕ್ಕಕ್ಕೆ ಸೇರುವುದನ್ನು ಸ್ವಾಭಿಮಾನಿಯಾದ ಪ್ರಜೆ ಸಹಿಸಲಾರ.

ಆಶ್ಚರ್ಯದ ಸಂಗತಿಯೆಂದರೆ, ನಮ್ಮ ಶಾಸನಗಳು ಪಕ್ಷ ಬಿಡುವ ವಿಷಯದಲ್ಲಿ ಮೌನವಾಗಿಯೇನೂ ಇಲ್ಲ. 1985ರ ಸಂವಿಧಾನದ 52ನೆಯ ತಿದ್ದುಪಡಿಯಿಂದ ಬಂದ ಹತ್ತನೆಯ ಅನುಸೂಚಿ, ಜನಪ್ರತಿನಿಧಿಯೊಬ್ಬ ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ತೊರೆದರೆ ಅವನ ಸ್ಥಾನವನ್ನೇ ಕಿತ್ತುಕೊಳ್ಳುತ್ತದೆ. ಹಾಗೆ ತೊರೆಯಲು ರಾಜೀನಾಮೆಯ ಪತ್ರವೇ ಬೇಕೆಂದಿಲ್ಲ, ಅವನ ನಡತೆಯಿಂದಲೂ ಅದನ್ನು ಊಹಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ರವಿ ನಾಯ್ಕ್ ಪ್ರಕರಣದಲ್ಲಿ ತೀರ್ಮಾನಿಸಿತು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದಾಗ ನಡೆದ ವಾದವಿವಾದಗಳು, ಆ ವರ್ಷದ ನವೆಂಬರ್ 13ರ ತೀರ್ಪು, ತರುವಾಯದ ಉಪಚುನಾವಣೆಗಳು ಇನ್ನೂ ಎಲ್ಲರ ನೆನಪಿನಲ್ಲಿವೆ. ಶಾಸಕನಾದರೆ ಪತ್ರ ಬರೆಯದಿದ್ದರೂ ಪಕ್ಷ ಬಿಟ್ಟಂತೆ ಎಣಿಸಬಹುದು. ಸಾಮಾನ್ಯ ಪ್ರಜೆ ಪತ್ರ ಬರೆದರೂ ಅದನ್ನು ದಾಖಲಿಸುವ ಸ್ಥಳವೊಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಪಕ್ಷಗಳ ನೋಂದಣಿಗೆ ಸಂಬಂಧಿಸಿದ, 1951ರ ಪ್ರಜಾಪ್ರತಿನಿಧಿ ಕಾಯಿದೆಯ 29-ಎ ವಿಧಿಯು ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನನಿಷ್ಠೆಯ ಘೋಷಣೆ ಇರಬೇಕೆನ್ನುತ್ತದೆಯೇ ಹೊರತು ಸದಸ್ಯನ ನಿರ್ಗಮನದ ಬಗ್ಗೆ ಚಕಾರವೆತ್ತುವುದಿಲ್ಲ.

ನಮ್ಮಂಥ ಸಂಘಗಳು ನೋಂದಣಿಯಾಗುವ ಸಂಘಗಳ ಕಾಯಿದೆ 1860ರಷ್ಟು ಹಳೆಯದು. ಅದರ 15ನೆಯ ವಿಧಿ ಸದಸ್ಯನೆಂದರೆ ಯಾರೆಂದು ಹೇಳುವಾಗ, ನಿಯಮಾನುಸಾರ ಪ್ರವೇಶ ಪಡೆದು, ಚಂದಾ ತೆತ್ತು ಅಥವಾ ಪಟ್ಟಿಗೆ ರುಜು ಹಾಕಿ, ನಿಯಮಾನುಸಾರ ರಾಜೀನಾಮೆ ಕೊಡದೆ ಇರುವವನು ಎಂಬ ಅರ್ಥದ ಮಾತುಗಳನ್ನು ಬಳಸಿದೆ. ನಾಟಕ, ಭಜನೆ, ಗ್ರಂಥಾಲಯಗಳನ್ನು ನಡೆಸುವ ಪುಟ್ಟ ಸಂಘಕ್ಕೆ ಪರಕೀಯರ ಆಳ್ವಿಕೆಯಲ್ಲಿಯೇ ವಿಧಿಸಲಾದ ಈ ಶಿಸ್ತು, ದೇಶವನ್ನಾಳುವ ಪಕ್ಷಗಳಿಗೆ ಸ್ವಾತಂತ್ರ್ಯದ ಇಷ್ಟು ವರ್ಷಗಳ ಮೇಲೂ ಅನ್ವಯಿಸಿಲ್ಲ. ಮಾಹಿತಿ ಹಕ್ಕಿನ ದಾರಿಯೂ ಸುಗಮವಾಗಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದು ಸಾರಿತು. ಪಕ್ಷಗಳು ಆ ಆದೇಶವನ್ನು ಪಾಲಿಸಲಿಲ್ಲ.

ತುರ್ಕಿ ದೇಶದಲ್ಲಿ ಪ್ರಜೆಯು ಸರ್ಕಾರದ ಇ-ಡೆವ್ಲೆಟ್ ಎಂಬ ಗಣಕ ವ್ಯವಸ್ಥೆಯಲ್ಲಿ ತನ್ನ ಹೆಸರು ಯಾವ ಪಕ್ಷದಲ್ಲಿದೆಯೆಂದು ನೋಡಿ, ಅಲ್ಲಿಂದಲೇ ರಾಜೀನಾಮೆ ಕೊಡಬಹುದು. ತಮಗರಿವಿಲ್ಲದೆ ಸದಸ್ಯರಾಗಿದ್ದವರು ಹಲವರು ಅಲ್ಲಿ ಹೀಗೆಯೇ ಸತ್ಯ ತಿಳಿದರು. ಈ ಅನುಕೂಲ ಆಕರ್ಷಕವಾದರೂ ಅದನ್ನು ಹಾಗೆಯೇ ತರಬೇಕೆಂದು ನಾವು ಹೇಳಲಾರೆವು. ಯಾರು ಯಾವ ಪಕ್ಷದವರೆಂಬ ಪಟ್ಟಿ ಸರ್ಕಾರದ ಕೈಯಲ್ಲಿರುವುದು ಕ್ಷೇಮಕರವಲ್ಲ. ಪರರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮ್ಮಂಥವರಿಗಂತೂ ಅದರ ಅಪಾಯ ಬೇಗ ಅರ್ಥವಾದೀತು. ನಮ್ಮ ಬೇಡಿಕೆ ಇನ್ನೂ ಸರಳವಾದುದು. ರಾಜೀನಾಮೆ ತಲುಪಿದ ದಿನವೇ ಸದಸ್ಯತ್ವ ಕೊನೆಗೊಳ್ಳುವುದೆಂದೂ, ನಿಗದಿಯಾದ ಅವಧಿಯಲ್ಲಿ ಲಿಖಿತ ಸ್ವೀಕೃತಿ ಕೊಡತಕ್ಕದ್ದೆಂದೂ ಪ್ರತಿಯೊಂದು ಪಕ್ಷದ ನಿಯಮಾವಳಿಯಲ್ಲಿ ಇರಬೇಕೆಂಬ ಒಂದು ಷರತ್ತನ್ನು 29-ಎ ವಿಧಿಗೆ ಸೇರಿಸಿದರೆ ಸಾಕು.

ಅಲ್ಲಿಯವರೆಗೆ ಪ್ರಜೆ ಕೈಕಟ್ಟಿ ಕೂರಬೇಕಾಗಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿರುವಾಗ ಸಂಘ ಬಿಡುವ ಸ್ವಾತಂತ್ರ್ಯ ಅದರೊಳಗೇ ಅಡಗಿದೆಯೆಂಬುದು ನಮ್ಮ ಅಭಿಮತ. ಪಕ್ಷದ ರಾಜ್ಯ ಘಟಕಕ್ಕೂ ಕೇಂದ್ರ ಕಚೇರಿಗೂ ಒಂದು ಪತ್ರ ಬರೆಯಿರಿ. ಸದಸ್ಯತ್ವದ ಸಂಖ್ಯೆ, ಮೊಬೈಲ್ ಸಂಖ್ಯೆ, ದಿನಾಂಕಗಳನ್ನು ನಮೂದಿಸಿರಿ. ತಾವಾಗಿ ಸೇರಿದವರು ಇಂದಿನಿಂದ ರಾಜೀನಾಮೆ ಕೊಟ್ಟಿರುವೆನೆಂದು ಬರೆಯಲಿ. ಸೇರದೆಯೇ ಸೇರಿಸಲ್ಪಟ್ಟವರು ರಾಜೀನಾಮೆಯೆಂಬ ಪದವನ್ನು ಬಳಸದೆ, ತಮ್ಮ ಒಪ್ಪಿಗೆಯೇ ಇರಲಿಲ್ಲವೆಂದು ಸ್ಪಷ್ಟಪಡಿಸಲಿ. ಈ ಭೇದ ಮುಖ್ಯ. ಇಲ್ಲದ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರೆ ಅದು ಇತ್ತೆಂದು ಒಪ್ಪಿಕೊಂಡಂತಾದೀತು. ರಿಜಿಸ್ಟರ್ಡ್ ಅಂಚೆಯು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ ಆ ಮೂಲಕವೇ ಕಳುಹಿಸಿ, ತಲುಪಿದುದರ ಪುರಾವೆಯನ್ನು ಪತ್ರದ ಪ್ರತಿಯೊಡನೆ ಜೋಪಾನವಾಗಿಡಿರಿ. ಸರ್ಕಾರಿ ನೌಕರರು ಒಂದು ಪ್ರತಿಯನ್ನು ತಮ್ಮ ಕಚೇರಿಗೂ ಸಲ್ಲಿಸುವುದು ವಿವೇಕ. ನಾನೂ ಹಾಗೆಯೇ ಮಾಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆನ್ನುತ್ತದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಈ ಹಕ್ಕುಗಳ ಜಾರಿಗೆ 18 ತಿಂಗಳ ಕಾಲಾವಕಾಶವನ್ನು ಇಟ್ಟಿವೆ. ಆ ತತ್ತ್ವವನ್ನು ಪತ್ರದಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ.

ಪಕ್ಷ ಬಿಡುವುದನ್ನು ದ್ರೋಹವೆಂದೋ ಲಾಭದ ಲೆಕ್ಕಾಚಾರವೆಂದೋ ಕಾಣುವುದು ನಮಗೆ ರೂಢಿಯಾಗಿದೆ. 1924ರಲ್ಲಿ ಬೆಳಗಾವಿ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿ ಹತ್ತು ವರ್ಷಗಳ ತರುವಾಯ, 1934ರ ಅಕ್ಟೋಬರಿನ ಮುಂಬಯಿ ಅಧಿವೇಶನದ ಸಂದರ್ಭದಲ್ಲಿ ಕಾಂಗ್ರೆಸ್ಸಿನ ಪ್ರಾಥಮಿಕ ಸದಸ್ಯತ್ವವನ್ನೇ ತೊರೆದರು. ಖಾದಿ, ಅಹಿಂಸೆಗಳ ವಿಷಯದಲ್ಲಿ ತಮಗೂ ಬಹುಜನ ಸದಸ್ಯರಿಗೂ ಇದ್ದ ಅಂತರವನ್ನು ಅದಕ್ಕೆ ಮೊದಲೇ ಬಹಿರಂಗ ಹೇಳಿಕೆಯಲ್ಲಿ ವಿವರಿಸಿದ್ದರು. ಜಯಪ್ರಕಾಶ ನಾರಾಯಣರು 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷವನ್ನು ಬಿಟ್ಟುದೂ ಕಾರಣಗಳನ್ನು ಹೇಳಿಯೇ. ಕಾರಣ ಹೇಳಿ ಸೇರುವ, ಕಾರಣ ಹೇಳಿ ಹೊರಡುವ ಸದಸ್ಯರಿದ್ದಾಗ ಮಾತ್ರ ಪಕ್ಷಕ್ಕೆ ಸದಸ್ಯರ ಮಾತು ಕೇಳುವ ಅಗತ್ಯ ಬೀಳುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಾಗಿಲಲ್ಲಿ ಮೇಜು ಹಾಕಲು ಅನುಮತಿ ಕೊಟ್ಟವರು ನಾವೇ. ಯಾರೆಂದು ವಿಚಾರಿಸದೆ ಕೊಟ್ಟೆವು. ಇನ್ನು ಮುಂದೆ ಸಂಘದ ಕಾರ್ಯಕ್ರಮಗಳಲ್ಲಿ ಹೊರಗಿನವರು ಯಾರೂ ಹೆಸರು, ಸಂಖ್ಯೆಗಳನ್ನು ಸಂಗ್ರಹಿಸಲು ಅವಕಾಶ ಕೊಡಬಾರದೆಂದೂ, ಸದಸ್ಯರ ವಿಳಾಸ ಪುಸ್ತಕವನ್ನು ಯಾವ ಪಕ್ಷದವರಿಗೂ ಒಪ್ಪಿಸಬಾರದೆಂದೂ ಕಾರ್ಯಕಾರಿ ಸಮಿತಿಯನ್ನು ನಾವು ಆಗ್ರಹಪಡಿಸುತ್ತೇವೆ. ಹಾಗೆಯೇ, ನಮ್ಮ ಸಂಘಕ್ಕೆ ಬರೆದ ರಾಜೀನಾಮೆ ಪತ್ರಗಳಿಗೆ ಕಾರ್ಯದರ್ಶಿಗಳು ಉತ್ತರವನ್ನೇ ಕೊಡಲಿಲ್ಲವೆಂದು ಇಬ್ಬರು ಮಾಜಿ ಸದಸ್ಯರು ಈಚೆಗೆ ದೂರಿದ್ದಾರೆ. ಆ ಎರಡು ಸ್ವೀಕೃತಿ ಪತ್ರಗಳು ಮೊದಲು ಹೊರಡಲಿ.